ಮರೆಯಲ್ಲಿಟ್ಟ ಮಗು

ಹುಟ್ಟುಕುರುಡನೊಬ್ಬನನ್ನು ಕಂಡಾಗ, ಇದು ಇವನ ಪಾಪದ ಫಲವೋ ತಂದೆತಾಯಿಗಳ ಪಾಪದ ಫಲವೋ ಎಂದು ಶಿಷ್ಯರು ನಮ್ಮ ಕರ್ತನನ್ನು ಕೇಳಿದರು. ಯಾರದೂ ಅಲ್ಲವೆಂದು ಆತನು ಉತ್ತರ ಕೊಟ್ಟು, ಆ ಮನುಷ್ಯನಿಗೆ ಮಾಡತಕ್ಕ ಉಪಕಾರಕ್ಕೆ ಕೈಹಾಕಿದನು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಈ ವೃತ್ತಾಂತವು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತು. ಆದರೂ ಆ ಹಳೇ ಪ್ರಶ್ನೆಯು ನಮ್ಮ ಹಳ್ಳಿಗಳನ್ನು ಇನ್ನೂ ಬಿಟ್ಟುಹೋಗಲಿಲ್ಲ.

ಕೈಕಾಲು ಸ್ವಾಧೀನವಿಲ್ಲದ, ಕಿವಿ ಕೇಳದ, ಇಲ್ಲವೆ ಬುದ್ಧಿ ತಡವಾಗಿ ಬೆಳೆಯುವ ಮಗುವೊಂದು ಮನೆಯಲ್ಲಿದ್ದರೆ, ಯಾರ ಪಾಪವೋ ಎಂದು ನೆರೆಯವರು ಪಿಸುಗುಟ್ಟುವರು. ಆ ಮಾತಿನಿಂದ ತಂದೆತಾಯಿಗಳಿಗೆ ನಾಚಿಕೆ ಹುಟ್ಟುವದು. ನಾಚಿಕೆಯಿಂದ ಮಗುವನ್ನು ಒಳಕೋಣೆಯಲ್ಲಿ ಮರೆಮಾಡುವರು. ಮರೆಯಲ್ಲಿರುವ ಮಗುವಿಗೆ ಏನಾದರೂ ಹೊರಗಿನವರಿಗೆ ತಿಳಿಯದು. ಅದಕ್ಕೆ ಹೊತ್ತಿಗೆ ಸರಿಯಾದ ಊಟವಿಲ್ಲ, ಶಾಲೆಯಿಲ್ಲ, ಪೆಟ್ಟು ಬಿದ್ದರೆ ಹೇಳಲು ಬಾಯಿಲ್ಲ. ದುಷ್ಟರಿಗೂ ಇಂಥ ಮಗುವು ಸುಲಭವಾಗಿ ಕೈಗೆ ಸಿಕ್ಕುವದು. ಯಾಕಂದರೆ ಅದು ದೂರು ಹೇಳಲಾರದೆಂದೂ ಹೇಳಿದರೂ ಜನರು ನಂಬಲಾರರೆಂದೂ ಅವರು ಬಲ್ಲರು. ಹೀಗಿರಲಾಗಿ, ಮೊದಲು ಪಿಸುಗುಟ್ಟಿದ ನಾಲಿಗೆಗೆ ಈ ಅಪರಾಧದಲ್ಲಿ ಪಾಲಿಲ್ಲವೆಂದು ಹೇಳಬಹುದೋ?

ಹೆತ್ತವರಿಗೆ ಪ್ರೀತಿಯಿದ್ದರೆ ಸಾಕೆಂದು ಕೆಲವರು ಹೇಳಾರು. 2019ನೆಯ ಇಸವಿ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ, ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ವರೆಗೆ ಮಣ್ಣಿನಲ್ಲಿ ಹೂಳಿದರು; ಹೀಗೆ ಮಾಡಿದರೆ ವೈಕಲ್ಯವು ನೀಗುವದೆಂದು ನಂಬಿದ್ದರು. ಇದು ದ್ವೇಷದಿಂದಲ್ಲ, ಗುಣವಾಗಲೆಂಬ ಹಂಬಲದಿಂದಲೇ ಮಾಡಿದ್ದು. ಆದರೆ ತಿಳುವಳಿಕೆಯಿಲ್ಲದ ಪ್ರೀತಿಯೂ ಮಗುವನ್ನು ನೋಯಿಸುವದು. ನೆರವಿಲ್ಲದ ಪ್ರೀತಿಯು ದಣಿದುಹೋಗುವದು. ಕೂಲಿಗೆ ಹೋದ ಹೊರತು ಗಂಜಿಯಿಲ್ಲದ ತಾಯಿಯು ಮಗುವನ್ನು ಕಂಬಕ್ಕೆ ಕಟ್ಟಿ ಹೋದರೆ, ಅವಳನ್ನು ದೂಷಿಸಿದ ಮಾತ್ರಕ್ಕೆ ನಾವು ನೀತಿವಂತರಾಗೆವು. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವೆನೆಂದು ನಮ್ಮಲ್ಲಿ ಯಾರು ಹೇಳಿದ್ದೇವೆ?

ದೇಶದ ಕಾನೂನು ಸಹ ನಮ್ಮನ್ನು ಸುಮ್ಮನಿರಗೊಡಿಸುವದಿಲ್ಲ. ತನ್ನ ವಶದಲ್ಲಿರುವ ಅಂಗವಿಕಲರಿಗೆ ಬೇಕೆಂದು ಅನ್ನನೀರು ಕೊಡದಿರುವದು 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾನೂನಿನಂತೆ ಶಿಕ್ಷೆಗೆ ಗುರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದನ್ನು ಅರಿತೂ ಪೊಲೀಸರಿಗೆ ತಿಳಿಸದಿರುವದು 2012ನೆಯ ಇಸವಿಯ ಪೋಕ್ಸೊ ಕಾನೂನಿನಂತೆ ಅಪರಾಧ. ಸಭೆಯ ಮಾನವನ್ನು ಕಾಯುವೆವೆಂದು ಮುಚ್ಚಿಡುವ ಹಿರಿಯರೂ ಇದಕ್ಕೆ ಹೊರತಲ್ಲ. ಮಾತು ಬಾರದ ಮಗುವಿನ ಸನ್ನೆಯನ್ನು ಬಲ್ಲವರ ಸಹಾಯವನ್ನು ನ್ಯಾಯಾಲಯವು ಪಡೆಯಲು ಅದೇ ಕಾನೂನಿನಲ್ಲಿ ಎಡೆಯುಂಟು. 1098ಕ್ಕೆ ಫೋನು ಮಾಡಿದರೆ ಮಕ್ಕಳ ಸಹಾಯವಾಣಿಯು ಸಿಕ್ಕುವದು. ಆದರೆ ಒಳಕೋಣೆಯ ಮಗುವನ್ನು ಕಾನೂನು ತಾನಾಗಿ ಕಾಣಲಾರದು. ಅದಕ್ಕೆ ನೆರೆಯವರ ಕಣ್ಣೂ ಬಾಯೂ ಬೇಕು.

ಅರಸನಾದ ದಾವೀದನು ಎರಡೂ ಕಾಲು ಕುಂಟಾದ ಮೆಫೀಬೋಶೆತನನ್ನು ದೂರದ ಲೋದೆಬಾರಿನಿಂದ ಕರೆಯಿಸಿ, ನಿತ್ಯವೂ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕುಳ್ಳಿರಿಸಿದನು. ಪ್ರಿಯ ವಾಚಕರೇ, ನಮ್ಮ ಸಭೆಯ ಯಾವ ಮನೆಯ ಮಗುವು ಆದಿತ್ಯವಾರದ ಆರಾಧನೆಗೆ ಒಮ್ಮೆಯೂ ಬಂದಿಲ್ಲವೆಂದು ವಿಚಾರಿಸೋಣ. ಆ ಮನೆಗೆ ಹೋಗಿ, ಯಾರ ಪಾಪವೆಂದು ಕೇಳದೆ, ನಾವೇನು ಮಾಡಬೇಕೆಂದು ಕೇಳೋಣ. ಈ ಚಿಕ್ಕವರಲ್ಲೊಬ್ಬರಿಗೆ ನಾವು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಕರ್ತನು ನಮ್ಮಿಂದ ಲೆಕ್ಕ ಕೇಳುವನು.