ಖಾನೆಯ ಮೇಲಿನ ಸಂದು

ಅಡಿಗೆಮನೆಯ ಕಟ್ಟೆಯ ಕೆಳಗೆ, ಅಳತೆಗೆ ಸರಿಯಾಗಿ, ಎಳೆದು ತೆಗೆಯುವ ಖಾನೆಗಳನ್ನು ಮಾಡಿಸುವ ಚಪಲ ಈಗ ಕಾರವಾರ–ಅಂಕೋಲೆಗಳ ನಡುವಿನ ಚೆಂಡಿಯಾದಂಥ ಊರುಗಳಿಗೂ ಬಂದಿದೆ. ಗೋಡೆಯ ಗೂಡಿನಲ್ಲಿರುತ್ತಿದ್ದ ಸೌಟು, ಸಾಂಬಾರ ಬಟ್ಟಲುಗಳು ಒಳಗೆ ಸೇರಿವೆ. ಒಳ್ಳೆಯದೇ. ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಅದು ಇರುವುದು ಖಾನೆಗೂ ಅದರ ಚೌಕಟ್ಟಿಗೂ ನಡುವಿನ ಸಂದಿನಲ್ಲಿ.

ಮಾರ್ಚ್ ತಿಂಗಳಲ್ಲಿ ಕೂಡಿಸಿದ ಮರದ ಖಾನೆಯನ್ನು ನೋಡಿ. ಕೂದಲೂ ನುಸುಳದಂತೆ ಕೂತಿದ್ದರೆ ಯಜಮಾನನಿಗೆ ಹಿಗ್ಗು, ಆಚಾರಿಗೆ ಹೆಸರು. ಆದರೆ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಾಳಿಯ ತೇವವನ್ನು ಮರ ಕುಡಿಯುತ್ತದೆ. ನಾರಿನ ಉದ್ದಕ್ಕೆ ಅದು ಬೆಳೆಯುವುದು ಇಲ್ಲವೆನ್ನುವಷ್ಟು; ಉಬ್ಬುವುದೆಲ್ಲ ನಾರಿಗೆ ಅಡ್ಡಲಾಗಿ. ಎಂಟು ಅಂಗುಲ ಎತ್ತರದ ಪಕ್ಕದ ಹಲಗೆ ಒಂದೆರಡು ಮಿಲಿಮೀಟರು ಎದ್ದಿತೆಂದರೆ ಖಾನೆ ಕಚ್ಚಿಕೊಂಡಿತೆಂದೇ ಲೆಕ್ಕ. ಸಾಗುವಾನಿ ಕಡಿಮೆ ಉಬ್ಬುತ್ತದೆ. ಹಾಗೆಂದು ಉಬ್ಬದೆ ಇರುವುದಿಲ್ಲ.

ಆಷಾಢದ ಸಂಜೆ ಒದ್ದೆ ಕೈಯಲ್ಲಿ ಆ ಖಾನೆಯನ್ನು ಜಗ್ಗುವವರು ಯಾರು? ಅಳತೆ ಹಿಡಿದವನಲ್ಲ, ನೋಡಿ ಮೆಚ್ಚಿದವನೂ ಅಲ್ಲ. ಜಗ್ಗುವವಳನ್ನು ಹೆಚ್ಚಿನ ಮನೆಗಳಲ್ಲಿ ಅಳತೆಯ ದಿನ ಯಾರೂ ಒಂದು ಮಾತು ಕೇಳಿರುವುದಿಲ್ಲ. ಒಬ್ಬನು ಮಾರ್ಚಿನಲ್ಲಿ ಪಡೆದ ಹೊಗಳಿಕೆಗೆ ಇನ್ನೊಬ್ಬಳ ರಟ್ಟೆ ಜುಲೈಯಲ್ಲಿ ಕಂದಾಯ ಕಟ್ಟಬೇಕಾಗುತ್ತದೆ. ಆದುದರಿಂದ, ಬೇಸಿಗೆಯಲ್ಲಿ ತುಸು ಸಡಿಲವಾಗಿ ಕಾಣುವ ಖಾನೆಯನ್ನು ಮಾಡಿ, ‘ಇದೇನಯ್ಯಾ ಸಂದು?’ ಎಂದು ಅನ್ನಿಸಿಕೊಳ್ಳುವ ಆಚಾರಿಯನ್ನೇ ನಾನು ಸತ್ಯವಂತನೆನ್ನುತ್ತೇನೆ. ಕೊಟ್ಟ ಮಾತು ಉಳಿಯಿತೋ ಇಲ್ಲವೋ ಎಂಬುದನ್ನು ಕೂಲಿ ಎಣಿಸುವ ದಿನವೇ ತೀರ್ಮಾನಿಸಲಾಗದು.

ಇಲ್ಲೊಂದು ತೊಡಕುಂಟು. ಸಡಿಲವೇ ಧರ್ಮವೆಂದು ಸಾರಿದರೆ ಮೈಗಳ್ಳನಿಗೆ ಹಬ್ಬ. ಅವನೂ ‘ಮಳೆಗಾಲಕ್ಕೆಂದು ಬಿಟ್ಟಿದ್ದೇನೆ’ ಎಂದಾನು. ದೂರದಿಂದ ನೋಡುವವರಿಗೆ ಎರಡು ಸಂದುಗಳೂ ಒಂದೇ. ಹತ್ತಿರ ಹೋಗಿ, ಖಾನೆಯನ್ನು ಹೊರಗೆಳೆದು ಬೋರಲು ಹಾಕಿ ನೋಡಬೇಕು. ಬಲ್ಲವನು ಮಳೆಯ ಸಂದನ್ನು ಮೇಲ್ಗಡೆ ಬಿಟ್ಟಿರುತ್ತಾನೆ. ಪಕ್ಕಗಳಲ್ಲಿ ಸರಾಗವಾಗಿ ಸರಿಯುವಷ್ಟು ಮಾತ್ರ. ತಳದ ಹಲಗೆಯನ್ನು ಪಕ್ಕದ ಹಲಗೆಗಳಲ್ಲಿ ಕೊರೆದ ಕಾಲುವೆಯೊಳಗೆ ಅಂಟು ಹಾಕದೆ ತೂರಿಸಿ, ಉಬ್ಬಲು ಹಿಂಬದಿಗೆ ಎಡೆ ಕೊಟ್ಟಿರುತ್ತಾನೆ. ಮೂಲೆಗಳನ್ನೋ, ಹಲ್ಲಿಗೆ ಹಲ್ಲು ಕಚ್ಚಿಸಿ, ಮಿಸುಕದಂತೆ ಬಿಗಿದಿರುತ್ತಾನೆ. ಅವನ ಒಂದೊಂದು ಸಡಿಲಕ್ಕೂ ಕಾರಣ ಕೇಳಿದರೆ ಹೇಳಬಲ್ಲ. ಮೈಗಳ್ಳನ ಸಂದಾದರೋ ಮೂಲೆಯಲ್ಲೂ ಇರುತ್ತದೆ.

ಪ್ಲೈವುಡ್ ಬಂದ ಮೇಲೆ ಈ ತಾಪತ್ರಯವೆಲ್ಲ ತೀರಿತೆನ್ನುವವರಿದ್ದಾರೆ. ಪದರಗಳನ್ನು ನಾರಿಗೆ ನಾರು ಅಡ್ಡವಾಗುವಂತೆ ಅಂಟಿಸಿರುವುದರಿಂದ ಅದು ಹಲಗೆಯಂತೆ ಉಬ್ಬದು, ನಿಜ. ಆದರೆ ಅದರ ಖಾನೆ ಓಡುವುದು ಉಕ್ಕಿನ ಚಾನಲ್ಲುಗಳ ಮೇಲೆ. ಅವಕ್ಕೂ ಒಂದೊಂದು ಬದಿಗೆ ಸುಮಾರು ಅರ್ಧ ಅಂಗುಲ ಎಡೆ ಬಿಡಲೇಬೇಕು; ಬಿಗಿಯೇ ಬೇಕೆನ್ನುವವರು ಇದನ್ನು ಗಮನಿಸುವುದಿಲ್ಲ! ಅದೂ ಅಲ್ಲದೆ, ಸಮುದ್ರದ ಉಪ್ಪುಗಾಳಿ ಅಗ್ಗದ ಉಕ್ಕನ್ನು ಬಹುಬೇಗ ತಿನ್ನುತ್ತದೆ. ತುಕ್ಕು ಸುಲಭವಾಗಿ ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಚಾನಲ್ಲುಗಳೂ ದೊರೆಯುತ್ತವೆ, ಬೆಲೆ ಹೆಚ್ಚು. ಯಾವುದನ್ನು ತರುವುದೆಂದು ಜಗಲಿಯಲ್ಲಿ ಚರ್ಚೆ ನಡೆಯುತ್ತದೆ. ಖಾನೆ ಎಳೆಯಬೇಕಾದವಳು ಆ ಹೊತ್ತಿಗೆ ಒಳಗೆ ಚಹಾ ಕಾಸುತ್ತಿರುತ್ತಾಳೆ.