ಬೆಂಡು ಮುಳುಗಿದ ಮೇಲೆ

ಊರಿಗೆ ಹೋದಾಗಲೆಲ್ಲ ಸಂಜೆ ಸೋದರಮಾವನ ಜೊತೆ ಕೆರೆಗೆ ಗಾಳ ಹಾಕಲು ಹೋಗುವುದು ನನ್ನ ಹಳೆಯ ಅಭ್ಯಾಸ. ಮಾವನ ಸಲಕರಣೆ ಸರಳ: ಒಂದು ಬಿದಿರ ಗಳ, ನೈಲಾನ್ ದಾರ, ತುದಿಗೆ ಗಾಳ, ಅದರ ಮೇಲೆ ಸಣ್ಣ ಸೀಸದ ಗುಂಡು, ಇನ್ನೂ ಮೇಲೆ ಬೆಂಡು. ಕ್ಯಾಟ್‌ಫಿಶ್ ಹೆಚ್ಚಾಗಿ ಕೆಸರಿನಲ್ಲಿ ಮೇಯುವ ಮೀನು. ಎರೆಹುಳ ಕೆರೆಯ ತಳಕ್ಕೆ ತಾಗಿಯೂ ತಾಗದ ಹಾಗೆ ನಿಲ್ಲಬೇಕು. ಅದಕ್ಕಾಗಿ ನೀರಿನ ಆಳ ನೋಡಿಕೊಂಡು ಬೆಂಡನ್ನು ದಾರದ ಮೇಲೆ ಹಿಂದೆ ಮುಂದೆ ಸರಿಸುತ್ತಾರೆ.

"ಬೆಂಡು ಕುಣುದ್ರೆ ಸಣ್ ಮೀನು ಕಣೋ, ಎಳೀಬ್ಯಾಡ. ಪಕ್ಕಕ್ಕೆ ಜಾರ್ಕಂಡು ಮುಳುಗ್ತದಲ್ಲ, ಆಗ ಎಳಿ" ಎಂದು ಅವರು ಹೇಳಿಕೊಟ್ಟದ್ದು ನನಗೆ ಹತ್ತು ವರ್ಷವಾಗಿದ್ದಾಗ.

ಈಗ ನಾನು ನೀತಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಹಾಗಾಗಿ ಏರಿಯ ಮೇಲೆ ಕೂತಾಗಲೂ ತಲೆ ಸುಮ್ಮನಿರುವುದಿಲ್ಲ. ಬೆಂಡು ಎನ್ನುವುದು ಏನು? ಕೆಳಗೆ ನಡೆಯುವುದನ್ನು ಮೇಲಿರುವ ನನಗೆ ತಿಳಿಸುವ ಒಂದು ಗುರುತು. ಮೇಲೆ ಕೂತ ನನ್ನ ಬಗ್ಗೆ ಮೀನಿಗೆ ತಿಳಿಸುವಂಥದ್ದು ಕೆಳಗೆ ಏನೂ ಇಲ್ಲ. ಕಲಕಿದ ನೀರಿನಲ್ಲಿ ಕ್ಯಾಟ್‌ಫಿಶ್‌ಗೆ ಕಣ್ಣಿನಿಂದ ಹೆಚ್ಚು ಉಪಯೋಗವಿಲ್ಲ. ಅದರ ಮೀಸೆಯಲ್ಲೂ ಮೈಚರ್ಮದಲ್ಲೂ ರುಚಿಯ ಮೊಗ್ಗುಗಳಿವೆ. ಒಂದರ್ಥದಲ್ಲಿ ಅದು ಇಡೀ ಮೈಯಿಂದ ನಾಲಿಗೆಯ ಕೆಲಸ ಮಾಡುತ್ತದೆ. ಯಾವ ಇಂದ್ರಿಯ ಅದನ್ನು ಬದುಕಿಸಿದೆಯೋ ಅದನ್ನೇ ನಾವು ಮೋಸಕ್ಕೆ ಬಳಸುತ್ತೇವೆ. ಕನ್ನಡದಲ್ಲಿ 'ಗಾಳ ಹಾಕುವುದು' ಎಂದರೆ ಮನುಷ್ಯರನ್ನು ಬಲೆಗೆ ಕೆಡವುವುದು ಎಂಬ ಅರ್ಥವೂ ಇದೆ. ಮೀನಿನ ವಿಷಯದಲ್ಲಿ ಮಾತ್ರ ಆ ಮಾತಿನಲ್ಲಿ ನಿಂದೆ ಇಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಮಾವ ಬಂದಿರಲಿಲ್ಲ, ನಾನೊಬ್ಬನೇ ಇದ್ದೆ. ಬೆಂಡು ಪಕ್ಕಕ್ಕೆ ಜಾರಿ ಮುಳುಗಿತು. ಎಳೆದೆ. ಮೊಳಕೈ ಉದ್ದದ ಆಫ್ರಿಕನ್ ಕ್ಯಾಟ್‌ಫಿಶ್. ಇದು ನಮ್ಮ ನೀರಿನ ಮೀನಲ್ಲ. ಸಿಕ್ಕಿದ್ದನ್ನೆಲ್ಲ ತಿಂದು ನಾಟಿ ಮೀನುಗಳ ಬದುಕಿಗೆ ಕುತ್ತು ತರುವುದರಿಂದ ಭಾರತದಲ್ಲಿ ಇದರ ಸಾಕಣೆಗೆ ನಿಷೇಧವಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಮೀನನ್ನು ನಾಶಪಡಿಸಬೇಕೆಂದೂ ಹೇಳಿತು. ಅಂದರೆ ವಾಪಸ್ ಬಿಟ್ಟರೆ ಕೆರೆಗೆ ಅನ್ಯಾಯ, ಕೊಂದರೆ ಈ ಒಂದು ಮೀನಿಗೆ. ನಾನು ಎರಡನ್ನೂ ಮಾಡಲಿಲ್ಲ. ಗಾಳ ಬಿಡಿಸಿ ಏರಿಯ ಹುಲ್ಲಿನ ಮೇಲೆ ಎಸೆದೆ. ತಾನಾಗಿ ಸಾಯುತ್ತದೆ ಅಂದುಕೊಂಡೆ.

ಕತ್ತಲಾಗುವ ಹೊತ್ತಿಗೆ ಗಳ ಎತ್ತಿಕೊಂಡು ಹೊರಟಾಗ ಅದು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಒಂದೂವರೆ ಗಂಟೆ ಕಳೆದಿತ್ತು. ಈ ಜಾತಿಯ ಮೀನಿಗೆ ಕಿವಿರಿನ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಒಂದು ಅಂಗವಿದೆ; ಅದರಿಂದ ಗಾಳಿಯನ್ನೇ ಉಸಿರಾಡುತ್ತದೆ. ಮೈ ಒದ್ದೆಯಿದ್ದರೆ ನೀರಿನಾಚೆಯೂ ಗಂಟೆಗಟ್ಟಲೆ ಬದುಕಬಲ್ಲದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಸೆದಿದ್ದೆ.

ಮೀನಿಗೆ ನೋವಾಗುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಅಸೆಟಿಕ್ ಆಮ್ಲ ಚುಚ್ಚಿ ನೋಡಿದರು. ಮೀನುಗಳು ತುಟಿಯನ್ನು ಕಲ್ಲಿಗೆ ಉಜ್ಜಿದವು, ಬಹಳ ಹೊತ್ತು ಮೇವು ಮುಟ್ಟಲಿಲ್ಲ. ಇದು ನೋವಲ್ಲ, ಬರೀ ಪ್ರತಿಕ್ರಿಯೆ. ನೋವನ್ನು ಅನುಭವಿಸಲು ಬೇಕಾದ ಕಾರ್ಟೆಕ್ಸ್ ಮೀನಿಗಿಲ್ಲ ಎಂದು ಬ್ರಯಾನ್ ಕೀ ಅಂಥವರು ವಾದಿಸುತ್ತಾರೆ. ನಾನು ಎರಡೂ ಕಡೆಯ ಲೇಖನಗಳನ್ನು ಓದಿದ್ದೇನೆ. ಆದರೆ ಏರಿಯ ಮೇಲೆ ನಿಂತಾಗ ಒಂದು ವಿಷಯ ಹೊಳೆಯಿತು: ಅನುಮಾನದ ಲಾಭವನ್ನು ನಾನು ಮೀನಿಗೆ ಕೊಟ್ಟಿರಲಿಲ್ಲ, ನನಗೇ ಕೊಟ್ಟುಕೊಂಡಿದ್ದೆ.

ಸ್ವಿಟ್ಜರ್ಲೆಂಡಿನಲ್ಲಿ, ಮತ್ತೆ ನೀರಿಗೆ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧ. ಮೊದಲ ಸಲ ಓದಿದಾಗ ವಿಚಿತ್ರವೆನಿಸಿತ್ತು, ಬಿಡುವುದು ದಯೆಯಲ್ಲವೇ ಎಂದು. ಆ ಕಾನೂನಿನ ತರ್ಕ ಬೇರೆ: ಊಟಕ್ಕೆ ಹಿಡಿದರೆ ನೋವಿಗೆ ಒಂದು ಕಾರಣವಾದರೂ ಇದೆ, ಆಟಕ್ಕೆ ಹಿಡಿದರೆ ಅದೂ ಇಲ್ಲ. ಆದರೆ ನನ್ನ ಪ್ರಕರಣ ಈ ಎರಡರಲ್ಲೂ ಕೂರುವುದಿಲ್ಲ. ನನಗೆ ಕಾರಣವಿತ್ತು, ಒಳ್ಳೆಯ ಕಾರಣವೇ. ಕೆರೆಯ ನಾಟಿ ಮೀನುಗಳು ಉಳಿಯಬೇಕಿತ್ತು. ಆ ಕಾರಣದ ನೆರಳಿನಲ್ಲೇ ನನ್ನ ನಿರ್ದಯೆ ಆರಾಮಾಗಿ ಕೂತುಬಿಟ್ಟಿತ್ತು. 'ಹೊರಗಿನದು', 'ಕೆಡುಕಿನದು' ಎಂಬ ಹೆಸರು ಬಿದ್ದ ಮೇಲೆ ಒಂದು ಜೀವ ಹೇಗೆ ಸಾಯುತ್ತದೆ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಇದು ಮೀನಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ.

ಕೊಲ್ಲುವುದು, ಸಾಯಲು ಬಿಡುವುದು ಇವೆರಡರ ನಡುವಿನ ವ್ಯತ್ಯಾಸದ ಬಗ್ಗೆ ತತ್ವಶಾಸ್ತ್ರದಲ್ಲಿ ರಾಶಿಗಟ್ಟಲೆ ಬರಹಗಳಿವೆ. ಬಹಳ ಸಲ ಎರಡನೆಯದನ್ನು ಹಗುರದ ತಪ್ಪೆಂದು ಎಣಿಸುತ್ತೇವೆ. ಆದರೆ ಆ ಮೀನನ್ನು ನೀರಿನಿಂದ ಎತ್ತಿದ ಕೈ ನನ್ನದೇ. ಕೈಗೆ ರಕ್ತ ಅಂಟದಿರಲಿ ಎಂದು ನಾನು ಅದರ ಸಾವನ್ನು ಉದ್ದ ಮಾಡಿದೆ. ನನ್ನ ಸಂಕೋಚದ ಬೆಲೆಯನ್ನು ಅದು ತೆತ್ತಿತು.

ಆಮೇಲೆ ಮಾವನಿಗೆ ಹೇಳಿದೆ. ಅವರು ಸಿಕ್ಕ ಮೀನಿನ ತಲೆಗೆ ಗಟ್ಟಿಯಾಗಿ ಒಂದೇ ಏಟು ಹಾಕಿ ಬುಟ್ಟಿಗೆ ಹಾಕುವವರು. ಚಿಕ್ಕವನಿದ್ದಾಗ ನಾನು ಆ ಕ್ಷಣ ಮುಖ ತಿರುಗಿಸುತ್ತಿದ್ದೆ. ಅವರನ್ನು ಒರಟರು ಅಂದುಕೊಂಡಿದ್ದೆ. ಬೈಯಲಿಲ್ಲ ಅವರು. "ಹಿಡೀಲೇಬೇಕು ಅಂತ ಏನಿಲ್ಲ. ಹಿಡುದ್ಮೇಲೆ ನರಳುಸ್ಬಾರ್ದು" ಅಂದರಷ್ಟೆ.

ಆ ಸಂಜೆ ನಾನು ವಾಪಸ್ ಹೋಗಿ ಒಂದು ಕಲ್ಲು ಹುಡುಕಿದೆ. ಮೊದಲ ಏಟು ಸರಿಯಾಗಿ ಬೀಳಲಿಲ್ಲ, ಕೈ ನಡುಗಿತ್ತು. ಎರಡನೆಯದಕ್ಕೆ ಮುಗಿಯಿತು. ಗಾಳ ಹಾಕುವುದು ಸರಿಯೋ ತಪ್ಪೋ ಎಂಬುದಕ್ಕೆ ನನ್ನಲ್ಲಿ ಇನ್ನೂ ಪೂರ್ತಿ ಉತ್ತರವಿಲ್ಲ. ಆದರೆ ಮುಖ ತಿರುಗಿಸಿಕೊಂಡವನು ಆ ಪ್ರಶ್ನೆ ಕೇಳಲು ಅರ್ಹನಲ್ಲ ಎಂಬಷ್ಟು ಗೊತ್ತಾಗಿದೆ.