ಕೊಟ್ಟವರ ಹೆಸರು, ತಗೊಂಡವರ ಹೆಸರು

ವರ್ಷದ ಕೊನೆ ಬಂತೆಂದರೆ ನನ್ನ ಇನ್‌ಬಾಕ್ಸಿಗೆ ಐಟ್ರಿಪಲ್‌ಇ ಸಂಸ್ಥೆಯ ಮೇಲ್ ಬರುತ್ತದೆ, ಸದಸ್ಯತ್ವ ನವೀಕರಿಸಿ ಅಂತ. ಬಿಇ ಮೂರನೇ ವರ್ಷದಲ್ಲಿ ರೆಸ್ಯೂಮೆಗೆ ಒಂದು ಸಾಲು ಹೆಚ್ಚಾಗಲಿ ಅಂತ ಸೇರಿಕೊಂಡದ್ದು. ಆಮೇಲೆ ಅಭ್ಯಾಸವಾಗಿ ಉಳಿದುಬಿಟ್ಟಿದೆ. ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಎದುರಾಗುತ್ತದೆ: ಇದರ ಜೊತೆ ನಮ್ಮ ಫೌಂಡೇಶನ್‌ಗೂ ಏನಾದರೂ ಕೊಡ್ತೀರಾ? ಆ್ಯಪ್‌ನಲ್ಲಿ ಊಟ ತರಿಸುವಾಗ ಬಿಲ್ಲಿನ ಕೊನೆಗೆ ಎರಡು ರೂಪಾಯಿ ಕೇಳ್ತಾರಲ್ಲ, ಹಾಗೆ. ಎಷ್ಟೋ ವರ್ಷ ನೋಡಿಯೂ ನೋಡದ ಹಾಗೆ ಮುಂದಕ್ಕೆ ಹೋಗಿದ್ದೇನೆ. ಕಳೆದ ಸಲ ಯಾಕೋ ಬೆರಳು ನಿಂತಿತು. ಇಪ್ಪತ್ತೈದು ಡಾಲರ್ ಹಾಕಿದೆ.

ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳೋದು ಹಳ್ಳಿಯವರ ಬುದ್ಧಿ. ಊರಹಬ್ಬಕ್ಕೆ ಐವತ್ತು ರೂಪಾಯಿ ಚಂದಾ ಕೊಟ್ಟವನೂ ಹಬ್ಬ ಮುಗಿದ ಮಾರನೇ ದಿನ ಅರಳೀಕಟ್ಟೆ ಮೇಲೆ ಕೂತು, "ಪೆಂಡಾಲ್‌ಗೆ ಎಷ್ಟಾಯ್ತು?" ಅಂತ ಕೇಳೇ ಕೇಳ್ತಾನೆ. ನಾನೂ ಹಾಗೇ ಹುಡುಕುತ್ತಾ ಹೋದೆ. ನನ್ನ ಇಪ್ಪತ್ತೈದು ಡಾಲರ್ ಒಂದು ವರ್ಷದಲ್ಲಿ ಎಲ್ಲೆಲ್ಲಿಗೆ ಹೋಗಬಹುದು?

ಅಮೆರಿಕದ ಎರಡು ಹಳೆಯ ಸಂಘಗಳು, 1884ರ ವಿದ್ಯುತ್ ಇಂಜಿನಿಯರುಗಳದ್ದೊಂದು ಮತ್ತು 1912ರ ರೇಡಿಯೋ ಇಂಜಿನಿಯರುಗಳದ್ದೊಂದು, 1963ರಲ್ಲಿ ಸೇರಿ ಐಟ್ರಿಪಲ್‌ಇ ಆಯಿತು. ಹತ್ತು ವರ್ಷದ ನಂತರ, 1973ರಲ್ಲಿ, ದಾನ ಸ್ವೀಕರಿಸೋದಕ್ಕೆ ಮತ್ತು ಹಂಚೋದಕ್ಕೆ ಅಂತಲೇ ಫೌಂಡೇಶನ್ ಹುಟ್ಟಿತು. ಕಚೇರಿ ನ್ಯೂಜೆರ್ಸಿಯ ಪಿಸ್ಕಾಟವೇನಲ್ಲಿ. ದುಡ್ಡು ಹೋಗುವ ದಾರಿಗಳನ್ನು ನನ್ನ ತಿಳಿವಳಿಕೆಗೆ ತಕ್ಕಂತೆ ಮೂರು ರಾಶಿ ಮಾಡಿಕೊಂಡೆ.

ಒಂದು, ನಮ್ಮವರಿಗೇ ಕೊಡೋದು. ವಿದ್ಯುತ್ ಇಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳಿಗೆ 2011ರಲ್ಲಿ ಶುರುವಾದ ಸ್ಕಾಲರ್‌ಶಿಪ್, ಸಾಧಕರಿಗೆ ಪದಕ, ತಂತ್ರಜ್ಞಾನದ ಇತಿಹಾಸವನ್ನು ಉಳಿಸುವ ಕೆಲಸ. ಎರಡು, ದೂರದವರಿಗೆ ಕೊಡೋದು. ಸ್ಮಾರ್ಟ್ ವಿಲೇಜ್ ಅನ್ನುವ ಕಾರ್ಯಕ್ರಮ ಕರೆಂಟ್ ಇಲ್ಲದ ಹಳ್ಳಿಗಳಿಗೆ ಬೆಳಕು ತಲುಪಿಸೋಕೆ ಸಹಾಯ ಮಾಡುತ್ತದೆ. ಎಪಿಕ್ಸ್ ಅನ್ನುವುದು ವಿದ್ಯಾರ್ಥಿಗಳ ಕೈಯಲ್ಲಿ ತಮ್ಮ ಸುತ್ತಲಿನ ಜನಕ್ಕೆ ಬೇಕಾದ ಸಾಧನಗಳನ್ನು ಮಾಡಿಸುತ್ತದೆ. ಮೂರನೆಯದು ನಾಳೆಗೆ ಕೊಡೋದು. ಅಸಲು ಮುಟ್ಟದೆ ಅದರ ಹುಟ್ಟುವಳಿಯಲ್ಲಿ ಮಾತ್ರ ಖರ್ಚು ಮಾಡುವ ನಿಧಿಗಳು. ಇದಕ್ಕೆ ನಮ್ಮಲ್ಲಿ ಚೆಂದದ ಹೆಸರಿದೆ, ದತ್ತಿ. ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಮೊದಲು ಬಂದವರಿಗೆ ಕೊಡುವ ಬಹುಮಾನದ ಹಿಂದೆ ಯಾರೋ ಎಂದೋ ಬ್ಯಾಂಕಿನಲ್ಲಿಟ್ಟ ಠೇವಣಿ ಇರುತ್ತದಲ್ಲ, ಅದೇ ಲೆಕ್ಕ.

ಮೊದಲನೇ ರಾಶಿ ನೋಡಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಇಂಜಿನಿಯರುಗಳು ದುಡ್ಡು ಹಾಕಿ ಇಂಜಿನಿಯರುಗಳಿಗೇ ಪದಕ ಕೊಟ್ಟುಕೊಂಡರೆ ಅದು ದಾನ ಹೇಗಾಯಿತು? ಪೀಟರ್ ಸಿಂಗರ್ ಅನ್ನುವ ತತ್ವಶಾಸ್ತ್ರಜ್ಞ 1971ರಲ್ಲಿ ಒಂದು ಪ್ರಬಂಧ ಬರೆದ. ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ಸಾಯುತ್ತಿದ್ದ ಹೊತ್ತು ಅದು. ಅವನ ವಾದ ಸರಳ: ಹೊಂಡದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾದೀತು ಅಂತ ನೀವು ದಡದಲ್ಲಿ ನಿಲ್ಲೋದಿಲ್ಲ; ಹಾಗಾದರೆ ಆ ಮಗು ಸಾವಿರಾರು ಮೈಲಿ ದೂರದಲ್ಲಿದ್ದರೆ ಮಾತ್ರ ಯಾಕೆ ಸುಮ್ಮನಿರ್ತೀರಿ? ಈ ವಾದವನ್ನು ಪಟ್ಟುಹಿಡಿದು ಪಾಲಿಸಿದರೆ ಪದಕ, ಇತಿಹಾಸ ಎಲ್ಲ ಮುಚ್ಚಿ ಎಲ್ಲ ಡಾಲರನ್ನೂ ಹಸಿದವರಿಗೇ ಕಳಿಸಬೇಕಾಗುತ್ತದೆ.

ನಾನು ಅಷ್ಟು ದೂರ ಹೋಗಲಾರೆ. ಕಾರಣ, ನಾನು ಆ ಮೊದಲನೇ ರಾಶಿಯಂಥ ದುಡ್ಡಿನಿಂದಲೇ ಬಂದವನು.

*

ನಮ್ಮೂರು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಅಪ್ಪ ಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ. ಸಿಇಟಿಯಲ್ಲಿ ಸೀಟು ಸಿಕ್ಕಾಗ ಫೀಸು, ಹಾಸ್ಟೆಲ್ ಎರಡಕ್ಕೂ ದುಡ್ಡಿರಲಿಲ್ಲ. ಒಂದು ಸಂಸ್ಥೆ ಸಹಾಯ ಮಾಡಿತು. ಹೆಸರು ಬೇಡ, ಅವರ ಋಣ ನನ್ನ ಮೇಲಿದೆ. ಚೆಕ್ ಕೊಡೋಕೆ ಪೇಟೆಯಲ್ಲೊಂದು ಸಮಾರಂಭ ಇಟ್ಟಿದ್ದರು. ನಮ್ಮನ್ನು ಸಾಲಾಗಿ ಕೂರಿಸಿದರು. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಓದಿದರು, ಜೊತೆಗೆ ಅಪ್ಪನ ಹೆಸರು, ಅಪ್ಪನ ಕಸುಬು, ಮನೆಯ ವರಮಾನ. ನನ್ನ ಮುಂದೆ ಕೂತಿದ್ದ ಹುಡುಗಿ ಅವಳ ಸರದಿ ಬಂದಾಗ ಎದ್ದೇಳೋಕೆ ಒಂದು ಕ್ಷಣ ತಡಮಾಡಿದಳು. ಅದು ಯಾಕೆ ಅಂತ ಅಲ್ಲಿದ್ದ ಎಲ್ಲ ಮಕ್ಕಳಿಗೂ ಗೊತ್ತಿತ್ತು, ವೇದಿಕೆ ಮೇಲಿದ್ದ ದೊಡ್ಡವರಿಗೆ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಪೇಪರಿನಲ್ಲಿ ನನ್ನ ಫೋಟೋ ಬಂತು. ಅಡಿಯಲ್ಲಿ "ಬಡ ವಿದ್ಯಾರ್ಥಿ" ಅಂತ ಬರೆದು ನನ್ನ ಹೆಸರು. ಅಪ್ಪ ಅಕ್ಷರ ಕೂಡಿಸಿಕೊಂಡು ಓದುವವನು. ಓದಿ ಮುಗಿಸಿ, "ನಿನ್ ಹೆಸ್ರಿನ್ ಮುಂದೆ ಬಡ ಅಂತ ಹಾಕವ್ರಲ್ಲ?" ಅಂದ. ನಾನು ಏನೂ ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಇಷ್ಟನ್ನು ಹೇಳಿದ್ದು ಆ ಸಂಸ್ಥೆಯನ್ನು ದೂರೋಕಲ್ಲ. ಅವರು ಕೊಡದೇ ಇದ್ದಿದ್ದರೆ ನಾನು ಈ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿರಲಿಲ್ಲ. ಆದರೆ ಅವತ್ತಿನಿಂದ ಯಾವುದೇ ದಾನದ ವರದಿ ಕೈಗೆ ಬಂದರೂ ನಾನು ಅದರಲ್ಲಿ ಎರಡು ಪಟ್ಟಿ ಹುಡುಕುತ್ತೇನೆ: ಕೊಟ್ಟವರದ್ದು, ತಗೊಂಡವರದ್ದು.

ಕೊಟ್ಟವರ ಪಟ್ಟಿ ಎಲ್ಲ ಕಡೆ ಇದ್ದೇ ಇರುತ್ತದೆ. ಐಟ್ರಿಪಲ್‌ಇ ಫೌಂಡೇಶನ್‌ನಲ್ಲಿ ಹತ್ತು ಸಾವಿರ ಡಾಲರ್ ದಾಟಿದವರಿಗೆ ಹೆರಿಟೇಜ್ ಸರ್ಕಲ್ ಅಂತ ಒಂದು ಬಳಗ ಉಂಟು. ಉಯಿಲಿನಲ್ಲಿ ಬರೆದಿಟ್ಟವರಿಗೆ ಇನ್ನೊಂದು. ಅದಕ್ಕೆ 1912ರ ರೇಡಿಯೋ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಆಲ್ಫ್ರೆಡ್ ಗೋಲ್ಡ್‌ಸ್ಮಿತ್ ಹೆಸರಿಟ್ಟಿದ್ದಾರೆ. ನಾವು ಇದನ್ನು ನೋಡಿ ನಗುವ ಹಾಗಿಲ್ಲ. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ "ದಿವಂಗತರ ಸ್ಮರಣಾರ್ಥ" ಅಂತ ಕೆಂಪು ಪೇಂಟಿನಲ್ಲಿ ಎಷ್ಟು ಉದ್ದ ಬರೆದಿದ್ದಾರೆಂದರೆ ಬೆಳಕು ಅರ್ಧ ಅಕ್ಷರದಲ್ಲೇ ನಿಂತುಬಿಡುತ್ತದೆ. ಹಳೆಗಾಲದ ದಾನಶಾಸನಗಳಲ್ಲೂ ಕೊಟ್ಟವರ ಹೆಸರಿದೆ, ಭೂಮಿಯ ಅಳತೆ, ಎಲ್ಲೆ, ಸಾಕ್ಷಿ ಎಲ್ಲ ಇದೆ, ಕೊನೆಗೆ ಈ ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲಿ ಅನ್ನುವ ಶಾಪವೂ ಇದೆ. ಛತ್ರಕ್ಕೆ ಭೂಮಿ ಬಿಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು. ಆ ಛತ್ರದಲ್ಲಿ ಯಾವ ದಾರಿಹೋಕ ಎಷ್ಟು ತುತ್ತು ಉಂಡ ಅಂತ ಯಾರೂ ಕೆತ್ತಿಸಿಡಲಿಲ್ಲ. ನಮ್ಮ ಕಾಲಕ್ಕೆ ಬಂದಾಗ, ಉಂಡವನ ಫೋಟೋ ತೆಗೆಯೋದು ಶುರುವಾಯಿತು.

*

ಎರಡನೇ ರಾಶಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸ್ಮಾರ್ಟ್ ವಿಲೇಜ್. ಅದಕ್ಕೂ ನನ್ನದೇ ಕಾರಣವಿದೆ. ನಮ್ಮದು ಭಾಗ್ಯಜ್ಯೋತಿ ಮನೆ. ಬಡವರ ಮನೆಗೆ ಸರ್ಕಾರ ಕೊಟ್ಟ ಒಂದು ದೀಪದ ಸಂಪರ್ಕ. ನಡುಮನೆಯಲ್ಲಿ ಒಂದೇ ಒಂದು ಬಲ್ಬು. ಅಡುಗೆಮನೆಗೆ ಬಾಗಿಲಿನಿಂದ ಎಷ್ಟು ಬಿದ್ದರೆ ಅಷ್ಟೇ ಬೆಳಕು. ಅದರಡಿಯಲ್ಲೇ ಓದಿದೆ. ಹಾಗಾಗಿ ಒಂದು ಬಲ್ಬು ಏನು ಮಾಡಬಲ್ಲದು ಅಂತ ನನಗೆ ಯಾವ ವರದಿಯೂ ಹೇಳಿಕೊಡಬೇಕಾಗಿಲ್ಲ.

ರೇ ಲಾರ್ಸನ್, ರಾಬಿನ್ ಪಾಡ್‌ಮೋರ್ ಅನ್ನುವ ಇಬ್ಬರು ಹಿರಿಯ ಇಂಜಿನಿಯರುಗಳು ಈ ಕೆಲಸಕ್ಕೆ ಕೈಹಾಕಿದವರು. 2010ರ ಭೂಕಂಪದ ನಂತರದ ಹೈಟಿ ದೇಶ ಅವರ ಮೊದಮೊದಲ ಪ್ರಯೋಗಶಾಲೆ. ಟ್ರೇಲರ್ ಮೇಲೆ ಸೋಲಾರ್ ಫಲಕ ಕೂರಿಸಿ ಊರಿನ ಮಧ್ಯೆ ತಂದು ನಿಲ್ಲಿಸಿದರು. ಅದರಿಂದ ಚಾರ್ಜ್ ಆದ ಬ್ಯಾಟರಿ ಪೆಟ್ಟಿಗೆಯನ್ನು ಜನ ಬಾಡಿಗೆಗೆ ಮನೆಗೆ ಒಯ್ಯುತ್ತಿದ್ದರು. ಖಾಲಿಯಾದರೆ ತಂದು ಮತ್ತೆ ಚಾರ್ಜ್ ಮಾಡಿಸಿಕೊಳ್ಳುತ್ತಿದ್ದರು. ಅಂದರೆ ದೀಪ ಪುಕ್ಕಟೆ ಅಲ್ಲ. ಸ್ಥಳೀಯರು ಅದನ್ನು ವ್ಯಾಪಾರವಾಗಿ ನಡೆಸಬೇಕು. ದಾನಿಗಳ ದುಡ್ಡು ಆ ವ್ಯಾಪಾರಕ್ಕೆ ಬೀಜದ ದುಡ್ಡು. ಲಡಾಖಿನ ಗುಡ್ಡಗಳ ನಡುವಿನ ಹಳ್ಳಿಗಳಿಗೆ ಸೋಲಾರ್ ದೀಪ ಹಾಕಿದ ಗ್ಲೋಬಲ್ ಹಿಮಾಲಯನ್ ಎಕ್ಸ್‌ಪೆಡಿಶನ್ ತಂಡಕ್ಕೂ ಇಲ್ಲಿಂದ ಬೆಂಬಲ ಸಿಕ್ಕಿದೆ.

ಮೊದಲು ಓದಿದಾಗ, "ಬಡವರ ಹತ್ತಿರ ಬಾಡಿಗೆ ಯಾಕಪ್ಪಾ ಕೇಳ್ತೀರಿ?" ಅನಿಸಿತು. ಆಮೇಲೆ ಯೋಚಿಸಿದೆ. ಬಾಡಿಗೆ ಕೊಟ್ಟವನು ದೀಪ ಕೆಟ್ಟರೆ ಜಗಳ ಆಡಬಹುದು. ಪುಕ್ಕಟೆ ತಗೊಂಡವನು ಜಗಳ ಆಡೋ ಹಾಗಿಲ್ಲ, ಕೈಕಟ್ಟಿಕೊಂಡು ನಿಲ್ಲಬೇಕು. ನಮ್ಮ ಮನೆಯ ಬಲ್ಬು ಹೋದಾಗ ಅಪ್ಪ ಯಾರನ್ನೂ ಜೋರು ಮಾಡಿ ಕೇಳಿದ್ದನ್ನು ನಾನು ನೋಡಿಲ್ಲ.

ಹನ್ನೆರಡನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ. ಒಲ್ಲದ ಮನಸ್ಸಿನಿಂದ ಕೊಡೋದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನಿಗೆ ತಗೊಂಡವನು, ತಗೊಂಡವನಿಗೆ ಕೊಟ್ಟವನು ಯಾರೆಂದು ಗೊತ್ತಿಲ್ಲದೆ ಕೊಡೋದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು ಸಾಲವನ್ನೋ ಕೆಲಸವನ್ನೋ ಕೊಟ್ಟು, ಪಾಲುದಾರನನ್ನಾಗಿ ಮಾಡಿಕೊಂಡು, ಅವನು ಮತ್ತೆ ಕೈಚಾಚದ ಹಾಗೆ ಮಾಡೋದು. ಅದೇ ಶತಮಾನದಲ್ಲಿ ಇಲ್ಲಿ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಹೆಚ್ಚಾದದ್ದನ್ನು ತಂದಲ್ಲಿಗೇ ಹಾಕಿ ಬಾ ಅಂದಳು. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಮೊನ್ನೆ ಮೊನ್ನೆಯವರೆಗೂ ಗಮನಿಸದೇ ಇದ್ದ ಸಂಗತಿ ಏನೆಂದರೆ, ಆ ಬಡ ಗಂಡಹೆಂಡಿರು ಈ ಕಥೆಯಲ್ಲಿ ತಗೊಳ್ಳುವವರಲ್ಲ, ಕೊಡುವವರು.

*

ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಅವನ ಹೆಸರಿನಲ್ಲಿ ನಮ್ಮೂರ ಹೈಸ್ಕೂಲಿಗೆ ಒಂದು ದತ್ತಿ ಇಡೋಣ ಅಂತ ಹೋದೆ. ಐವತ್ತು ಸಾವಿರ. ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಂದಿಬ್ಬರ ಪಿಯುಸಿ ಪ್ರವೇಶದ ಖರ್ಚು. ಹೊಸ ತೆರಿಗೆ ಪದ್ಧತಿಗೆ ಹೋದ ಮೇಲೆ ನನ್ನಂಥ ಸಂಬಳದವರಿಗೆ 80ಜಿ ವಿನಾಯಿತಿ ಇಲ್ಲ, ಹಾಗಾಗಿ ರಸೀದಿಯ ಆಸೆಯೂ ಇರಲಿಲ್ಲ. ಹೆಡ್‌ಮಾಸ್ಟರು ಖುಷಿಪಟ್ಟರು. "ಆಗಸ್ಟ್ ಹದಿನೈದಕ್ಕೆ ಕಾರ್ಯಕ್ರಮ ಇಟ್ಟುಬಿಡೋಣ, ನೀವೇ ಬಂದು ಕೈಯಾರೆ ಮಕ್ಕಳಿಗೆ ಕೊಟ್ಬಿಡಿ" ಅಂದರು. ನನಗೆ ಮೈಕು, ಸಾಲು, ಆ ಹುಡುಗಿ ನೆನಪಾದರು. ಕಾರ್ಯಕ್ರಮ ಬೇಡ, ಬೋರ್ಡು ಬೇಡ, ಅಪ್ಪನ ಹೆಸರೂ ಬೇಡ, ಯಾರಿಗೂ ಗೊತ್ತಾಗೋದೇ ಬೇಡ ಅಂದುಬಿಟ್ಟೆ. ನನ್ನ ದೊಡ್ಡತನಕ್ಕೆ ನಾನೇ ಒಳಗೊಳಗೇ ಮೆಚ್ಚಿಕೊಂಡೆ ಅನ್ನೋದನ್ನೂ ಹೇಳಿಬಿಡಬೇಕು.

ಸಂಜೆ ಅವ್ವನಿಗೆ ಹೇಳಿದೆ. ಅವಳು ಏನೂ ಮಾತಾಡದೆ ಟ್ರಂಕ್ ತೆಗೆದು ಅಪ್ಪನ ಕಾಗದಗಳ ಕಟ್ಟು ತಂದಳು. ಪಡಿತರ ಚೀಟಿ, ಪಹಣಿ, ಅದರ ನಡುವೆ ಆ ಪೇಪರ್ ತುಣುಕು. ಅಪ್ಪ ಅದನ್ನು ಇಟ್ಟುಕೊಂಡಿದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಫೋಟೋ ಹಾಗೇ ಇತ್ತು, ನನ್ನ ಹೆಸರೂ, ಕೊಟ್ಟವರ ಹೆಸರೂ. "ಬಡ" ಅನ್ನುವ ಎರಡಕ್ಷರದ ಮೇಲೆ ಮಾತ್ರ ಪೆನ್ನಿನಲ್ಲಿ ಒತ್ತಿ ಒತ್ತಿ ಗೀಚಿದ್ದ.

"ಕೊಟ್ಟೋರ್ ಹೆಸ್ರು ಅಳಿಸಿಲ್ಲ ನೋಡು" ಅಂದಳು ಅವ್ವ. "ನಿಮ್ಮಪ್ಪನ ಹೆಸ್ರು ಹಾಕ್ಸು. ಕಾಯಿ ಸುಲಿಯೋನ ಮನೆಯಿಂದ್ಲೂ ಕೊಡಬೌದು ಅಂತ ಹುಡುಗ್ರಿಗೆ ಗೊತ್ತಾಗ್ಲಿ. ಇಸ್ಕೊಳ್ಳೋ ಮಕ್ಕಳನ್ನ ನಿಲ್ಲಿಸ್ಬೇಡ, ಅಷ್ಟೆ."

ನಾನು ಪುಸ್ತಕ ಓದಿ ತಲುಪಿದ್ದಕ್ಕಿಂತ ಅವಳ ತೀರ್ಮಾನ ಸರಿ ಅನಿಸಿತು. ಹೆಸರು ಮುಚ್ಚಿಡೋದೂ ಒಂದು ಜಂಬ ಆಗಬಹುದು. ಕೊಟ್ಟವರ ಹೆಸರನ್ನು ನೋಡಿ ಇನ್ನೊಬ್ಬರಿಗೆ ಕೊಡುವ ಮನಸ್ಸು ಬಂದರೆ ಆ ಹೆಸರು ಗೋಡೆ ಮೇಲಿರಲಿ. ಪದಕ ಗೆದ್ದವರ ಹೆಸರೂ, ಓದಿ ಸ್ಕಾಲರ್‌ಶಿಪ್ ಗಳಿಸಿದವರ ಹೆಸರೂ ಇರಲಿ; ಅದು ಅವರ ದುಡಿಮೆ. ಆದರೆ ಇಲ್ಲದಿರುವಿಕೆಯನ್ನು ಹೆಸರಿನ ಮುಂದೆ ಅಂಟಿಸಿ ಓದಿಸಿದರೆ, ಕೊಟ್ಟ ದುಡ್ಡಿಗಿಂತ ಹೆಚ್ಚಿನದನ್ನು ಅವನಿಂದ ಕಿತ್ತುಕೊಂಡ ಹಾಗೆ.

ಹಾಗಾದರೆ ದುಡ್ಡು ಸರಿಯಾಗಿ ಸೇರಿತೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ನ್ಯಾಯವಾದ ಪ್ರಶ್ನೆಯೇ. ಆದರೆ ಸಾಫ್ಟ್‌ವೇರ್‌ನವರಾದ ನಮಗೆ ಇದರ ಉತ್ತರ ಗೊತ್ತಿದೆ. ದಿನವೂ ಅದೇ ಕೆಲಸ ಮಾಡುತ್ತೇವೆ. ಸಿಸ್ಟಂ ಸರಿಯಾಗಿ ನಡೀತಿದೆಯಾ ಅಂತ ಲಾಗ್ ನೋಡುತ್ತೇವೆ, ಆದರೆ ಗ್ರಾಹಕರ ಹೆಸರು, ಫೋನ್ ನಂಬರು ಮಾಸ್ಕ್ ಆಗಿರಬೇಕು. ಎಷ್ಟು ವಹಿವಾಟು, ಎಷ್ಟು ಯಶಸ್ವಿ, ಎಷ್ಟು ವಿಫಲ, ಅಷ್ಟು ಸಾಕು. ಬ್ಯಾಂಕಿನ ಗ್ರಾಹಕನಿಗೆ ತೋರಿಸುವ ಮರ್ಯಾದೆಯನ್ನು ಫೀಸು ಕಟ್ಟಲಾಗದ ಹುಡುಗನಿಗೆ ತೋರಿಸೋಕೆ ಕಷ್ಟವೇನು? ನಮ್ಮ ದತ್ತಿಯಲ್ಲಿ ಹೆಡ್‌ಮಾಸ್ಟರು ಮತ್ತು ಇನ್ನೊಬ್ಬ ಮೇಷ್ಟರು ಇಬ್ಬರೂ ಸೇರಿ ಆರಿಸುತ್ತಾರೆ, ಇಬ್ಬರ ಸಹಿ ಇರುತ್ತದೆ. ದುಡ್ಡು ನೇರ ಕಾಲೇಜಿಗೆ ಹೋಗುತ್ತದೆ. ನನಗೆ ಬರೋದು ಹೆಸರಿನ ಮೇಲೆ ಕಾಗದ ಅಂಟಿಸಿ ತೆಗೆದ ರಸೀದಿಯ ಜೆರಾಕ್ಸ್. ಈವರೆಗೆ ಐದು ಬಂದಿವೆ.

ಆ ಐವರು ಯಾರೆಂದು ನನಗೆ ಗೊತ್ತಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗ್ ಹಾಕಿಕೊಂಡು ನಿಂತ ಹುಡುಗ ಹುಡುಗಿಯರನ್ನು ನೋಡುವಾಗ ಇವರಲ್ಲಿ ಯಾರಿರಬಹುದು ಅಂತ ಒಂದು ಕ್ಷಣ ಕಣ್ಣು ಹುಡುಕುತ್ತದೆ. ಆ ಆಸೆ ಇನ್ನೂ ಹೋಗಿಲ್ಲ, ಸುಳ್ಳು ಹೇಳಲಾರೆ. ಬಸ್ಸು ಬರುತ್ತದೆ, ಅವರು ನನ್ನನ್ನು ತಳ್ಳಿಕೊಂಡೇ ಹತ್ತಿ ಸೀಟು ಹಿಡಿಯುತ್ತಾರೆ.